ಎರಡನೇ ಉಬ್ಬರಕ್ಕೇ ಎಚ್ಚರಾಗಬೇಕು: ಕಲಬುರಗಿಯ ದೇವಣಿ ಆಕಳೊಂದರ ಹೊಟ್ಟೆಯಲ್ಲಿ ಪ್ಲಾಸ್ಟಿಕ್

ಆಕಳು ದೇವಣಿ ತಳಿಯದು. ಏಳು ವರ್ಷ, ಮೂರನೇ ಸೂಲು, ಈದು ಆರು ತಿಂಗಳಾಗಿತ್ತು, ಮತ್ತೆ ಗಬ್ಬ ನಿಂತಿರಲಿಲ್ಲ. ಕಲಬುರಗಿಯ ಹಳೆಯ ಓಣಿಯೊಂದರ ಮನೆಯ ಆಕಳು. ಬೆಳಿಗ್ಗೆ ಹಾಲು ಕರೆದು ಹಗ್ಗ ಬಿಚ್ಚಿದರೆ ದಿನವಿಡೀ ಓಣಿ, ಕಾಯಿಪಲ್ಯೆ ಮಾರುಕಟ್ಟೆ, ಖಾನಾವಳಿಗಳ ಹಿಂಬದಿ ತಿರುಗಿ ಸಂಜೆಗೆ ತಾನಾಗಿ ಮನೆ ಮುಂದೆ ಬಂದು ನಿಲ್ಲುವ ರೂಢಿ. ಮಾಲೀಕರ ಹೆಸರನ್ನೂ ಓಣಿಯ ಹೆಸರನ್ನೂ ಇಲ್ಲಿ ಬಿಟ್ಟಿದೆ. ಉಳಿದ ವಿವರಗಳು ದನ ಸಾಕುವವರಿಗೂ, ಪಶುವೈದ್ಯಕೀಯ ಓದುವವರಿಗೂ, ಕಸದ ಕೆಲಸ ನೋಡುವವರಿಗೂ ಬೇಕಾದವು.

ಬೇಸಿಗೆಯ ಮೊದಲಿಗೆ ಒಂದು ಸಂಜೆ ಎಡ ಪಕ್ಕೆ ಉಬ್ಬಿತು. ಮನೆಯವರು ಎಣ್ಣೆಗೆ ಇಂಗು ಕಲಸಿ ಕುಡಿಸಿದರು, ಆಕಳು ತೇಗಿತು, ಉಬ್ಬರ ಇಳಿಯಿತು. ಒಂಬತ್ತು ದಿನಕ್ಕೆ ಮತ್ತೆ ಉಬ್ಬಿತು. ಈ ಸಲ ಅಡುಗೆ ಸೋಡಾ ಕುಡಿಸಿದರು. ಇಳಿದದ್ದು ಅರ್ಧ. ಐದು ದಿನ ಬಿಟ್ಟು ಮೂರನೇ ಸಲ ಉಬ್ಬಿದಾಗ ಮನೆಗೆ ಬಂದ ಒಬ್ಬರು ವಾಯು ಇಳಿಯುವ ಔಷಧಿ, ಜೀರ್ಣದ ಪುಡಿ ಕೊಟ್ಟು ಹೋದರು. ಅಷ್ಟರಲ್ಲಿ ದಿನದ ಹಾಲು 5 ಲೀಟರಿನಿಂದ ಒಂದೂವರೆಗೆ ಬಂದಿತ್ತು. ನಾಲ್ಕನೇ ಸಲ ಉಬ್ಬಿದ ಹೊಟ್ಟೆ ಇಳಿಯಲೇ ಇಲ್ಲ. ಪಶು ದವಾಖಾನೆಗೆ ತಂದದ್ದು ಆಗ.

"ಮೇವು ಮುಟ್ತದ್ರಿ ಡಾಕ್ಟರ್ ಸಾಹೇಬ್ರ, ಆದ್ರ ಮೆಲಕ ಹಾಕವಲ್ದು" ಎಂದರು ಮಾಲೀಕರು. ಈ ಒಂದು ಮಾತು ಅರ್ಧ ರೋಗ ಹೇಳಿತ್ತು. ಜ್ವರ ಬಂದ ದನ ಮೇವೇ ಬಿಡುತ್ತದೆ. ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಇರುವ ದನ ತಿಂಗಳುಗಟ್ಟಲೆ ಅಷ್ಟಿಷ್ಟು ತಿನ್ನುತ್ತಲೇ ಇರುತ್ತದೆ. ಅದಕ್ಕೇ ಮನೆಯವರಿಗೆ ಗಾಬರಿಯಾಗುವುದಿಲ್ಲ, ದಿನಗಳು ಹೋಗುತ್ತವೆ.

ಪರೀಕ್ಷೆಯಲ್ಲಿ ಕಂಡದ್ದು

ದೇಹದ ಶಾಖ 101.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಜ್ವರವಿಲ್ಲ. ನಾಡಿ ನಿಮಿಷಕ್ಕೆ 84, ಸ್ವಲ್ಪ ಹೆಚ್ಚು. ಕುತ್ತಿಗೆಯ ಚರ್ಮ ಎತ್ತಿ ಬಿಟ್ಟರೆ ಕೂಡಲು ನಾಲ್ಕು ಸೆಕೆಂಡು ಬೇಕಾಯಿತು, ಕಣ್ಣು ಒಳಗೆ ಇಳಿದಿದ್ದವು. ನೀರಿನಂಶ ಹೆಚ್ಚುಕಡಿಮೆ ನೂರಕ್ಕೆ 7ರಷ್ಟು ಕಳೆದುಹೋಗಿತ್ತು. ಹೆಂಡಿ ಕಡಿಮೆ, ಗಟ್ಟಿ, ಮೇಲೆ ಲೋಳೆ. ಒಂದು ಉಂಡೆಯಲ್ಲಿ ನೀಲಿ ಪ್ಲಾಸ್ಟಿಕ್ಕಿನ ಎಳೆ ಸಿಕ್ಕಿತು. ಹೆಂಡಿಯನ್ನು ಕಡ್ಡಿಯಿಂದ ಬಿಡಿಸಿ ನೋಡುವ ಕೆಲಸಕ್ಕೆ ದುಡ್ಡು ಬೇಕಿಲ್ಲ, ಯಂತ್ರ ಬೇಕಿಲ್ಲ. ಎಳೆ ಸಿಗದಿದ್ದರೆ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಇಲ್ಲವೆಂದಲ್ಲ. ಸಿಕ್ಕರೆ ಮಾತ್ರ ಇದೆ ಎಂದೇ ಅರ್ಥ.

ಎಡ ಪಕ್ಕೆಯ ಮೇಲ್ಭಾಗದಲ್ಲಿ ಗಾಳಿ, ಕೆಳಗೆ ಗಟ್ಟಿ. ಮುಷ್ಟಿಯಿಂದ ಒತ್ತಿದರೆ ಕಲಸಿಟ್ಟ ಜೋಳದ ಹಿಟ್ಟಿನಲ್ಲಿ ಬಿದ್ದ ಹಾಗೆ ಗುಂಡಿ ಬಿದ್ದು ತಡವಾಗಿ ಮೇಲೆ ಬರುತ್ತಿತ್ತು. ಆಕಳಿನ ನಾಲ್ಕು ಹೊಟ್ಟೆಗಳಲ್ಲಿ ಮೊದಲನೆಯದಾದ ರೂಮೆನ್ ಎಂಬ ದೊಡ್ಡ ಹೊಟ್ಟೆ ಆರೋಗ್ಯವಾಗಿದ್ದಾಗ ಎರಡು ನಿಮಿಷಕ್ಕೆ ಮೂರು ಸಲದಂತೆ ಕದಲುತ್ತದೆ, ಸ್ಟೆತಾಸ್ಕೋಪಿಗೆ ಗುಡುಗಿನ ಸದ್ದು ಸಿಗುತ್ತದೆ. ಇಲ್ಲಿ ಮೂರು ನಿಮಿಷಕ್ಕೆ ಒಂದು ಸಲ, ಅದೂ ಕ್ಷೀಣ.

ಬಾಯಿಂದ ಹೊಟ್ಟೆಗೆ ನಳಿಕೆ ಇಳಿಸಿದಾಗ ಮೊದಲು ಗಾಳಿ ಬಂತು, ಆಮೇಲೆ ನಳಿಕೆ ಕಟ್ಟಿತು. ಹೊರಗೆ ಎಳೆದರೆ ತುದಿಗೆ ತೆಳು ಹಾಳೆಯ ಚೂರು ಸಿಕ್ಕಿಕೊಂಡಿತ್ತು. ನಳಿಕೆಯಿಂದಲೇ ರೂಮೆನ್ನಿನ ದ್ರವವನ್ನೂ ತೆಗೆಯಲಾಯಿತು. ಮೊದಲ ಸುಮಾರು 200 ಮಿಲಿ ಲೀಟರನ್ನು ಚೆಲ್ಲಬೇಕು. ಅದರಲ್ಲಿ ಜೊಲ್ಲು ಬೆರೆತಿರುತ್ತದೆ, ಜೊಲ್ಲು ಕ್ಷಾರೀಯವಾದ್ದರಿಂದ ಲೆಕ್ಕ ಕೆಡುತ್ತದೆ. ಆ ಮೇಲಿನ ದ್ರವದ ಪಿಎಚ್ 7.8 ಇತ್ತು. ಮೇವು ತಿನ್ನುವ ಆಕಳಿನಲ್ಲಿ ಅದು 6.2ರಿಂದ 7.2ರೊಳಗೆ ಇರಬೇಕು. ಆರೋಗ್ಯವಂತ ಆಕಳಿನ ದ್ರವಕ್ಕೆ ಮಿಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಹಾಕಿದರೆ ಅದು ಹೋಗಲು ಮೂರರಿಂದ ಆರು ನಿಮಿಷ ಸಾಕು, ಇಲ್ಲಿ ಹನ್ನೆರಡು ನಿಮಿಷವಾದರೂ ನೀಲಿ ಉಳಿದಿತ್ತು. ಮೇವನ್ನು ಕರಗಿಸುವ ಸೂಕ್ಷ್ಮಜೀವಿಗಳು ಬಹುಪಾಲು ಸತ್ತಿದ್ದವು. ಮನೆಯಲ್ಲಿ ಕೊಟ್ಟ ಸೋಡಾ ಹಾನಿ ಮಾಡಿದ್ದು ಈ ಹಂತದಲ್ಲೇ. ಧಾನ್ಯ ಹೆಚ್ಚು ತಿಂದು ಹುಳಿಯಾದ ಹೊಟ್ಟೆಗೆ ಸೋಡಾ ಮದ್ದು. ಕೆಲಸ ನಿಲ್ಲಿಸಿ ಕ್ಷಾರದ ಕಡೆ ವಾಲಿದ ಹೊಟ್ಟೆಗೆ ಅದೇ ಸೋಡಾ ಹೊರೆ.

ಎಣ್ಣೆಯ ವಿಷಯದಲ್ಲೂ ಒಂದು ಮಾತು. ಎಣ್ಣೆ ನೊರೆ ಉಬ್ಬರಕ್ಕೆ ಕೆಲಸ ಮಾಡುತ್ತದೆ, ಆದರೆ ಕುಡಿಸುವ ರೀತಿ ಮುಖ್ಯ. ಆಕಳ ಮೂತಿಯನ್ನು ಮುಗಿಲಿಗೆ ಎತ್ತಿ, ನಾಲಿಗೆ ಹೊರಗೆಳೆದು ಬಾಟಲಿ ಸುರಿದರೆ ಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಉಬ್ಬರದಿಂದ ಉಳಿದ ದನ ನ್ಯುಮೋನಿಯಾದಿಂದ ಸಾಯುವುದು ಹೀಗೆ. ಮೂತಿ ನೆಲಕ್ಕೆ ಸಮವಾಗಿರಬೇಕು, ಸ್ವಲ್ಪ ಸ್ವಲ್ಪ ಹಾಕಬೇಕು, ಕೆಮ್ಮಿದ ತಕ್ಷಣ ನಿಲ್ಲಿಸಬೇಕು. ಈ ಆಕಳ ಎದೆಯ ಸದ್ದು ಅದೃಷ್ಟಕ್ಕೆ ಸ್ವಚ್ಛವಾಗಿತ್ತು.

ಬೇರೆ ಕಾರಣಗಳನ್ನೂ ತಳ್ಳಿಹಾಕಬೇಕಿತ್ತು. ಮೊಳೆ ತಂತಿ ನುಂಗಿ ಎರಡನೇ ಹೊಟ್ಟೆಗೆ ಚುಚ್ಚಿದ್ದರೆ ಬೆನ್ನ ಮೇಲೆ ಒತ್ತಿದಾಗ ದನ ನರಳುತ್ತದೆ, ಇಳಿಜಾರಿನಲ್ಲಿ ನಡೆಯಲು ಹಿಂಜರಿಯುತ್ತದೆ. ಆ ಮೊಳೆ ಹೃದಯದ ಚೀಲ ಮುಟ್ಟಿದ್ದರೆ ಕುತ್ತಿಗೆಯ ರಕ್ತನಾಳ ಎದ್ದು ಕಾಣುತ್ತದೆ, ಗಂಟಲ ಕೆಳಗೂ ಎದೆಗೂ ನೀರು ತುಂಬುತ್ತದೆ. ಇಲ್ಲಿ ಎರಡೂ ಇರಲಿಲ್ಲ. ಮೂತ್ರದಲ್ಲಿ ಕೀಟೋನ್ ಇರಲಿಲ್ಲ, ಅಂದರೆ ಶಕ್ತಿಯ ಕೊರತೆಯಿಂದ ಬರುವ ಕೀಟೋಸಿಸ್ ರೋಗವೂ ಅಲ್ಲ. ಎಕ್ಸ್‌ರೇ ತೆಗೆದಾಗ ಎರಡನೇ ಹೊಟ್ಟೆಯ ತಳದಲ್ಲಿ ಲೋಹದ ಎರಡು ಮೂರು ನೆರಳು ಕಂಡವು, ಆದರೆ ಅವು ಗೋಡೆ ದಾಟಿರಲಿಲ್ಲ. ಪ್ಲಾಸ್ಟಿಕ್ ಮಾತ್ರ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. "ಫೋಟೋದಾಗ ಏನೂ ಬಂದಿಲ್ಲ" ಎಂದು ಮನೆಗೆ ಹೊಡೆದುಕೊಂಡು ಹೋದ ದನಗಳು ತಿರುಗಿ ಬರುವಾಗ ಕೈಮೀರಿರುತ್ತದೆ. ಗುದದ್ವಾರದಿಂದ ಕೈ ಹಾಕಿ ನೋಡಿದಾಗ ರೂಮೆನ್ ಸೊಂಟದೊಳಗಿನವರೆಗೆ ಗಟ್ಟಿಯಾಗಿ ಚಾಚಿತ್ತು. ಊರಲ್ಲಿ ಬಿಟ್ಟು ಮೇಯಿಸುವ ಆಕಳು, ಮರಳಿ ಮರಳಿ ಬರುವ ಉಬ್ಬರ, ಜ್ವರವಿಲ್ಲ, ಹೆಂಡಿ ಕಡಿಮೆ, ಕೆಳಗೆ ಗಟ್ಟಿ ಹೊಟ್ಟೆ. ಇವು ಒಟ್ಟಿಗೆ ಬಂದರೆ ಪ್ಲಾಸ್ಟಿಕ್ ಅಲ್ಲ ಎಂದು ಸಾಬೀತಾಗುವವರೆಗೆ ಪ್ಲಾಸ್ಟಿಕ್ ಎಂದೇ ನಡೆಯಬೇಕು. ಎರಡನೇ ಉಬ್ಬರದ ದಿನವೇ ಈ ಆಕಳನ್ನು ತಂದಿದ್ದರೆ ನೀರಿನಂಶವೂ ಶಕ್ತಿಯೂ ಉಳಿದಿರುತ್ತಿತ್ತು, ಶಸ್ತ್ರಚಿಕಿತ್ಸೆ ಹಗುರಾಗುತ್ತಿತ್ತು.

ನುಂಗಿದ್ದು ಯಾಕೆ ಹೊರಗೆ ಬರುವುದಿಲ್ಲ

ಆಕಳಿಗೆ ಮೇಲಿನ ಮುಂಹಲ್ಲಿಲ್ಲ. ಮೇವನ್ನು ನಾಲಿಗೆಯಿಂದ ಸುತ್ತಿ ಒಳಗೆ ಎಳೆದುಕೊಳ್ಳುತ್ತದೆ. ನಾಲಿಗೆಯ ಮೇಲಿನ ಗಡಸು ಮುಳ್ಳುಗಳೆಲ್ಲ ಗಂಟಲ ಕಡೆ ಬಾಗಿರುತ್ತವೆ. ಒಮ್ಮೆ ಹಿಡಿದದ್ದು ಒಳಗೇ ಹೋಗುತ್ತದೆ, ಉಗುಳುವ ಅನುಕೂಲ ಕಡಿಮೆ. ಆಡು ತುಟಿಯಿಂದ ಎಲೆ ಎಲೆ ಆರಿಸಿ ತಿನ್ನುತ್ತದೆ, ಆದ್ದರಿಂದ ಅದೇ ಕಸದ ಗುಡ್ಡೆಯಲ್ಲಿ ಆಡಿಗಿಂತ ಆಕಳು ಹೆಚ್ಚು ಪ್ಲಾಸ್ಟಿಕ್ ನುಂಗುತ್ತದೆ.

ಕಡಲಾಮೆಯ ಗಂಟಲ ರಚನೆಯೂ ಹೀಗೇ. ಅನ್ನನಾಳದ ಒಳಗೋಡೆಯಲ್ಲಿ ಒಳಮುಖವಾದ ಮುಳ್ಳುಗಳಿವೆ. ಜಾರುವ ಲೋಳೆಮೀನನ್ನು ಹಿಡಿದಿಡಲು, ಸಮುದ್ರದ ನೀರನ್ನು ಹೊರಚೆಲ್ಲುವಾಗ ಆಹಾರ ಜಾರದಂತೆ ತಡೆಯಲು ಅವು ಬೇಕು. ನೀರಲ್ಲಿ ತೇಲುವ ತೆಳು ಚೀಲ ಲೋಳೆಮೀನಿನಂತೆ ಕಾಣುತ್ತದೆ, ಕೆಲವು ದಿನ ಸಮುದ್ರದಲ್ಲಿ ನೆನೆದು ಪಾಚಿ ಹಿಡಿದ ಪ್ಲಾಸ್ಟಿಕ್ಕಿಗೆ ಆಹಾರದ ವಾಸನೆಯೂ ಬರುತ್ತದೆ. ನುಂಗಿದ ಮೇಲೆ ಆ ಮುಳ್ಳುಗಳು ಅದನ್ನು ಹೊರಬಿಡುವುದಿಲ್ಲ. ಕರುಳು ಕಟ್ಟಿದ ಆಮೆಗೆ ಗಾಳಿ ತುಂಬಿ, ಮುಳುಗಲಾಗದೆ ಮೇಲೇ ತೇಲುತ್ತದೆ. ಆಸ್ಟ್ರೇಲಿಯಾದ ವಿಜ್ಞಾನಿಗಳು 2018ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, 14 ಚೂರು ನುಂಗಿದ ಆಮೆ ಅದರಿಂದಲೇ ಸಾಯುವ ಸಂಭವ ನೂರಕ್ಕೆ 50. ಆಮೆಯ ಕರುಳಿನಲ್ಲಿ ಸಣ್ಣ ಚೂರುಗಳು ಎಷ್ಟೋ ಸಲ ಹಿಂದಿನಿಂದ ಹೊರಗೆ ಹೋಗುತ್ತವೆ. ಆಕಳಿಗೆ ಆ ದಾರಿ ಇನ್ನೂ ಕಿರಿದು.

ರೂಮೆನ್ನಿನಿಂದ ಮುಂದೆ ಹೋಗಲು ಇರುವುದು ಒಂದೇ ಬಾಗಿಲು, ಎರಡನೇ ಮತ್ತು ಮೂರನೇ ಹೊಟ್ಟೆಗಳ ನಡುವಿನ ರಂಧ್ರ. ಮೆಲುಕು ಹಾಕಿ ನುಣ್ಣಗಾದ, ಹೆಚ್ಚಾಗಿ ಒಂದೆರಡು ಮಿಲಿಮೀಟರಿಗಿಂತ ಸಣ್ಣ ಕಣಗಳು ಮಾತ್ರ ಅದನ್ನು ದಾಟುತ್ತವೆ. ಚೀಲ ನುಣ್ಣಗಾಗುವುದಿಲ್ಲ, ಸೂಕ್ಷ್ಮಜೀವಿಗಳಿಗೆ ಕರಗುವುದೂ ಇಲ್ಲ. ಹೊಟ್ಟೆ ಕದಲಿದಂತೆ ಚೀಲಕ್ಕೆ ಚೀಲ ಸುತ್ತಿ, ಹಗ್ಗ ಹೆಣೆದು, ನಡುವೆ ಮೇವು ಸಿಕ್ಕಿ ಕೊಳೆತು, ಮೇಲೆ ಲವಣ ಕಟ್ಟಿ ಗಡ್ಡೆಯಾಗುತ್ತದೆ. ಗಡ್ಡೆ ತೇಗಿನ ದಾರಿಗೆ ಬಂದು ಕೂತಾಗ ಉಬ್ಬರ, ಸರಿದಾಗ ಆರಾಮ. ಬಂದು ಹೋಗಿ ಮಾಡುವ ಉಬ್ಬರದ ಗುಟ್ಟು ಇದು. ಮದ್ದಿನಿಂದ ವಾಸಿಯಾಯಿತು ಎಂದು ಮನೆಯವರು ನಂಬುವುದೂ ಇದರಿಂದಲೇ. ಪ್ಲಾಸ್ಟಿಕ್ ಕರಗಿಸುವ ಔಷಧಿ ಯಾವ ಅಂಗಡಿಯಲ್ಲೂ ಇಲ್ಲ.

ಶಸ್ತ್ರಚಿಕಿತ್ಸೆಗೆ ತಯಾರಿ

ಮೊದಲ ಪ್ರಶ್ನೆ ಎಲ್ಲಿ ಮಾಡುವುದು ಎಂಬುದು. ಬೀದರದ ನಂದಿನಗರದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ, ಈ ಭಾಗದ ಕಠಿಣ ಪ್ರಕರಣಗಳಿಗೆ ಅದೇ ದೊಡ್ಡ ಆಸರೆ. ಆದರೆ ಕಲಬುರಗಿಯಿಂದ ಹುಮನಾಬಾದ್ ಮೇಲೆ ನೂರು ಕಿಲೋಮೀಟರಿಗೂ ಹೆಚ್ಚು ದೂರ. ಉಬ್ಬಿದ ಆಕಳು ಟೆಂಪೋದಲ್ಲಿ ಆಯತಪ್ಪಿ ಬಿದ್ದರೆ ಹೊಟ್ಟೆಯ ಭಾರ ಎದೆಗೆ ಒತ್ತಿ ದಾರಿಯಲ್ಲೇ ಉಸಿರು ಕಟ್ಟಬಹುದು. ಕಲಬುರಗಿಯಲ್ಲೇ ಮಾಡುವುದೆಂದಾಯಿತು.

ತೂಕವನ್ನು ಟೇಪಿನಿಂದ ಅಂದಾಜು ಮಾಡಲಾಯಿತು. ಎದೆ ಸುತ್ತಳತೆ 64 ಇಂಚು, ಭುಜದಿಂದ ಪಿರ್ರೆಯ ಎಲುಬಿನವರೆಗೆ 52 ಇಂಚು. 64ನ್ನು 64ರಿಂದ, ಬಂದದ್ದನ್ನು 52ರಿಂದ ಗುಣಿಸಿ 300ರಿಂದ ಭಾಗಿಸಿದರೆ 710 ಪೌಂಡ್, ಅಂದರೆ 322 ಕಿಲೋ. ಹೊಟ್ಟೆಯೊಳಗಿನ ಹೊರೆಯನ್ನು ಬಿಟ್ಟು ಔಷಧಿಯ ಲೆಕ್ಕಕ್ಕೆ 300 ಕಿಲೋ ಹಿಡಿದರು. ಹೊರೆಯನ್ನೂ ಸೇರಿಸಿ ಮದ್ದು ಕೊಟ್ಟರೆ ಬಡಕಲಾದ ದೇಹಕ್ಕೆ ಅದು ಅತಿಯಾಗುತ್ತದೆ.

ಮೇವು 24 ತಾಸು ಬಂದ್. ರಕ್ತನಾಳಕ್ಕೆ ನಾರ್ಮಲ್ ಸಲೈನ್ ಮತ್ತು ರಿಂಗರ್ ದ್ರಾವಣ ಸೇರಿ 10 ಲೀಟರ್ ಏರಿಸಲಾಯಿತು. ಇಂಥ ದನಗಳ ರಕ್ತ ಸಾಮಾನ್ಯವಾಗಿ ಕ್ಷಾರದ ಕಡೆ ವಾಲಿ ಕ್ಲೋರೈಡ್ ಕಳೆದುಕೊಂಡಿರುತ್ತದೆ, ಆದ್ದರಿಂದ ಬೈಕಾರ್ಬೊನೇಟ್ ಬಾಟಲಿ ಇಲ್ಲಿ ಬೇಡ. ನೋವಿಗೆ ಮೆಲಾಕ್ಸಿಕಾಮ್ ಕಿಲೋ ತೂಕಕ್ಕೆ 0.5 ಮಿಲಿಗ್ರಾಂ, ಅಂದರೆ 150 ಮಿಲಿಗ್ರಾಂ. ಕೊಯ್ಯುವ ಮೊದಲೇ ಸ್ಟ್ರೆಪ್ಟೊಪೆನಿಸಿಲಿನ್ ಕೊಡಲಾಯಿತು, ಧನುರ್ವಾತದ ಚುಚ್ಚುಮದ್ದೂ ಆಯಿತು. ಇವನ್ನೆಲ್ಲ ಪಶುವೈದ್ಯರೇ ಕೊಡಬೇಕು, ಪ್ರಮಾಣ ದನದಿಂದ ದನಕ್ಕೆ ಬೇರೆ.

ಆಕಳನ್ನು ನಿಲ್ಲಿಸಿಯೇ ಕೊಯ್ಯುವುದು. ಮಲಗಿಸಿದರೆ ಹೊಟ್ಟೆಯ ದ್ರವ ಬಾಯಿಗೆ ಬಂದು ಶ್ವಾಸಕೋಶಕ್ಕೆ ಹೋಗುತ್ತದೆ. ಟ್ರಾವಿಸ್ ಎಂಬ, ದನ ಕಟ್ಟುವ ಕಬ್ಬಿಣದ ಚೌಕಟ್ಟಿನಲ್ಲಿ ನಿಲ್ಲಿಸಿ, ತಲೆ ಕಟ್ಟಿ, ಎಡ ಪಕ್ಕೆಯ ಕೂದಲು ಬೋಳಿಸಿ, ಸಾಬೂನು ನೀರಿನಿಂದ ತೊಳೆದು, ಪೊವಿಡೋನ್ ಅಯೋಡಿನ್ ಮತ್ತು ಸ್ಪಿರಿಟ್‌ಗಳನ್ನು ಒಂದಾದ ಮೇಲೊಂದು ಮೂರು ಸುತ್ತು ಹಚ್ಚಿದರು. ಮರಗಟ್ಟಿಸಲು ನೂರಕ್ಕೆ 2ರ ಲಿಗ್ನೋಕೇನ್. ಕೊನೆಯ ಪಕ್ಕೆಲುಬಿನ ಹಿಂದಿನ ನರಕ್ಕೂ ಸೊಂಟದ ಮೊದಲ ಎರಡು ನರಗಳಿಗೂ ಬೆನ್ನೆಲುಬಿನ ಪಕ್ಕದಲ್ಲಿ 20 ಮಿಲಿಯಂತೆ, ಕೊಯ್ಯುವ ಗೆರೆಯುದ್ದಕ್ಕೆ ಇನ್ನೂ 20, ಒಟ್ಟು 80 ಮಿಲಿ. ಕಿಲೋಗೆ 10 ಮಿಲಿಗ್ರಾಂ ದಾಟಬಾರದೆಂಬ ಮಿತಿಯಲ್ಲಿ 300 ಕಿಲೋ ಆಕಳಿಗೆ 150 ಮಿಲಿ ಗರಿಷ್ಠ, ಆದ್ದರಿಂದ ಸಾಕಷ್ಟು ಅಂತರ ಉಳಿದಿತ್ತು. ಚರ್ಮ ಬೆಚ್ಚಗಾಗಿ, ಸೂಜಿ ಚುಚ್ಚಿದರೂ ಅದುರದಿದ್ದಾಗ ಮರಗಟ್ಟಿದೆ ಎಂದರ್ಥ. ಹದಿನೈದು ನಿಮಿಷ ಕಾಯದೆ ಬ್ಲೇಡ್ ಹಿಡಿದರೆ ಆಕಳು ಒದೆಯುತ್ತದೆ, ಗಾಯ ಕೆಡುತ್ತದೆ.

ಹೊಟ್ಟೆ ತೆರೆದಾಗ

ಕೊನೆಯ ಪಕ್ಕೆಲುಬಿನಿಂದ ನಾಲ್ಕು ಬೆರಳು ಹಿಂದೆ, ಬೆನ್ನಿನ ಎಲುಬುಗಳಿಂದ ಅಷ್ಟೇ ಕೆಳಗೆ ಶುರುಮಾಡಿ 20 ಸೆಂಟಿಮೀಟರ್ ಉದ್ದಕ್ಕೆ ಲಂಬವಾಗಿ ಚರ್ಮ ಕೊಯ್ದರು. ಅದರಡಿ ಮೂರು ಸ್ನಾಯು ಪದರ, ಆಮೇಲೆ ತೆಳು ಪೊರೆ. ರೂಮೆನ್ ತೆರೆಯುವ ಮೊದಲು ಕೈಯನ್ನು ಹೊಟ್ಟೆಯೊಳಗೆ ಮುಂದೆ ಮುಂದೆ ಚಾಚಿ ಎರಡನೇ ಹೊಟ್ಟೆ ಎಲ್ಲಾದರೂ ಅಂಟಿಕೊಂಡಿದೆಯೇ ಎಂದು ನೋಡಬೇಕು. ರೂಮೆನ್ ತೆರೆದ ಮೇಲೆ ಆ ಕೈ ಕೊಳಕಾಗುತ್ತದೆ, ಮತ್ತೆ ಅತ್ತ ಹೋಗುವಂತಿಲ್ಲ.

ಈ ಶಸ್ತ್ರಚಿಕಿತ್ಸೆಯಲ್ಲಿ ದನ ಸಾಯುವುದು ಹೆಚ್ಚಾಗಿ ಪ್ಲಾಸ್ಟಿಕ್ಕಿನಿಂದಲ್ಲ, ರೂಮೆನ್ನಿನ ದ್ರವ ಹೊಟ್ಟೆಯ ಪೊರೆಯೊಳಗೆ ಸೋರಿ ಕೀವಾಗುವುದರಿಂದ. ಆದ್ದರಿಂದ ರೂಮೆನ್ನನ್ನು ಚರ್ಮಕ್ಕೆ ಸುತ್ತಲೂ ಹೊಲಿದು ಗಟ್ಟಿ ಮಾಡಿ ಆಮೇಲೆ ತೆರೆಯಬೇಕು. ಇದಕ್ಕೆಂದೇ ವೈನ್‌ಗಾರ್ಟ್ ಚೌಕಟ್ಟು ಸಿಗುತ್ತದೆ. ಇಲ್ಲಿ ಅದಿರಲಿಲ್ಲ, ಬಿಡದ ಹೊಲಿಗೆಯಿಂದಲೇ ಕೆಲಸ ಮಾಡಿದರು. ಸಮಯ ಇಪ್ಪತ್ತು ನಿಮಿಷ ಹೆಚ್ಚು ಹಿಡಿಯಿತು. ಆತುರಕ್ಕೆ ಬಿದ್ದು ಈ ಹೊಲಿಗೆ ಬಿಟ್ಟು, ನಾಲ್ಕು ಮೂಲೆಗೆ ಇಕ್ಕಳ ಹಚ್ಚಿ ಹಿಡಿದರೆ, ಆಕಳು ಒಮ್ಮೆ ಕೆಮ್ಮಿದರೂ ರೂಮೆನ್ ಒಳಗೆ ಜಾರಿ ಎಲ್ಲವೂ ಚೆಲ್ಲುತ್ತದೆ.

ರೂಮೆನ್ನಿಗೆ 18 ಸೆಂಟಿಮೀಟರ್ ಕೊಯ್ದಾಗ ಮೊದಲು ಗಾಳಿ, ಆಮೇಲೆ ಹಸಿರುಗಪ್ಪು ನೀರು. ಗಡ್ಡೆಯನ್ನು ಇಡಿಯಾಗಿ ಎಳೆಯಬಾರದು. ಒಂದು ಕೈಯಿಂದ ಹಿಡಿದು ಇನ್ನೊಂದರಿಂದ ಬಿಡಿಸಿ, ಹಗ್ಗ ಕತ್ತರಿಸಿ, ಮುಷ್ಟಿ ಮುಷ್ಟಿಯಾಗಿ ತೆಗೆದರು. ಒಂದು ನೈಲಾನ್ ಹಗ್ಗ ಎಳೆದರೂ ಬರಲಿಲ್ಲ. ಅದರ ತುದಿ ಮೂರನೇ ಹೊಟ್ಟೆಯ ರಂಧ್ರದೊಳಗೆ ಹೋಗಿತ್ತು. ಜಗ್ಗಿದ್ದರೆ ಒಳಪದರ ಹರಿಯುತ್ತಿತ್ತು. ಎರಡು ಬೆರಳಿನಿಂದ ರಂಧ್ರವನ್ನು ಹಿಗ್ಗಿಸುತ್ತ, ಹೊಟ್ಟೆ ತಾನೇ ಸಡಿಲವಾದಾಗಲೆಲ್ಲ ಒಂದೊಂದು ಅಂಗುಲ ತೆಗೆದದ್ದಕ್ಕೇ ಹತ್ತು ನಿಮಿಷವಾಯಿತು. ಪಾಲಿಥೀನ್ ಗಡ್ಡೆಗಿಂತ ಹಗ್ಗವೇ ಅಪಾಯದ್ದು. ಮುಂದಿನ ಚೀಲ, ಕೆಳಗಿನ ಚೀಲ, ಹಿಂದಿನ ಎರಡು ಕುರುಡು ಚೀಲಗಳನ್ನೂ ಬೆರಳಿಂದ ಒರೆಸಿ ನೋಡಿದ ಮೇಲೆ ಅನ್ನನಾಳದ ಬಾಯಿ ಮುಟ್ಟಿ ಖಾತ್ರಿ ಮಾಡಿಕೊಳ್ಳಬೇಕು. ಹಿಂದಿನ ಚೀಲದಲ್ಲಿ ಬಿಟ್ಟ ಒಂದು ಗಡ್ಡೆ ತಿಂಗಳಲ್ಲಿ ಮತ್ತೆ ಉಬ್ಬರ ತರುತ್ತದೆ. ಎರಡನೇ ಹೊಟ್ಟೆಯ ತಳದಿಂದ ಎರಡು ಮೊಳೆ, ಒಂದು ತಂತಿ, ಒಂದು ನಾಣ್ಯ ಸಿಕ್ಕವು. ಅಲ್ಲಿ ಒಂದು ಅಯಸ್ಕಾಂತ ಬಿಟ್ಟರು. ಮುಂದೆ ನುಂಗುವ ಕಬ್ಬಿಣ ಅದಕ್ಕೇ ಅಂಟಿ ಕೂರುತ್ತದೆ, ಗೋಡೆಗೆ ಚುಚ್ಚುವುದು ತಪ್ಪುತ್ತದೆ.

ಒಳಗಿನ ಮೇವನ್ನೆಲ್ಲ ಬಳಿದು ಖಾಲಿ ಮಾಡಲಿಲ್ಲ. ಕೊಳೆತದ್ದನ್ನು ತೆಗೆದು ಮೂರನೇ ಒಂದು ಪಾಲು ಉಳಿಸಿದರು. ಪೂರ್ತಿ ಬರಿದಾದರೆ ಒತ್ತಡ ಒಮ್ಮೆಲೇ ಇಳಿದು ಆಕಳು ಕುಸಿಯಬಹುದು, ಹೊಸ ಸೂಕ್ಷ್ಮಜೀವಿಗಳಿಗೆ ನೆಲೆಯೂ ಇರುವುದಿಲ್ಲ. ಆರೋಗ್ಯವಂತ ಎತ್ತೊಂದರ ಹೊಟ್ಟೆಗೆ ನಳಿಕೆ ಇಳಿಸಿ ತೆಗೆದ 5 ಲೀಟರ್ ದ್ರವವನ್ನು ಬಟ್ಟೆಯಲ್ಲಿ ಸೋಸಿ ಉಗುರುಬೆಚ್ಚಗೆ ಇಟ್ಟುಕೊಂಡಿದ್ದರು, ಅದನ್ನು ಸುರಿದರು. ಈ ದ್ರವ ತಣ್ಣಗಾದರೆ, ತಾಸುಗಟ್ಟಲೆ ಗಾಳಿಗೆ ತೆರೆದಿದ್ದರೆ ಅದರಲ್ಲಿನ ಜೀವಿಗಳು ಸಾಯುತ್ತವೆ. ದಾನಿ ಎತ್ತು ಜೋಳದ ಕಣಿಕೆ ತಿನ್ನುವುದಾಗಿದ್ದು ಒಳ್ಳೆಯದಾಯಿತು, ಆಕಳು ಮುಂದೆ ತಿನ್ನಬೇಕಾದ ಮೇವಿಗೆ ಹೊಂದುವ ಜೀವಿಗಳೇ ಬಂದವು.

ರೂಮೆನ್ನಿಗೆ ಎರಡು ಸಾಲು ಹೊಲಿಗೆ, ಅಂಚುಗಳು ಒಳಗೆ ಮಡಚಿಕೊಳ್ಳುವಂತೆ. ಮೊದಲ ಸಾಲು ಮುಗಿದ ಮೇಲೆ ಗ್ಲೌಸು, ಇಕ್ಕಳ, ಬಟ್ಟೆ ಎಲ್ಲ ಹೊಸದು. ಸಲೈನಿನಿಂದ ತೊಳೆದು, ಚರ್ಮಕ್ಕೆ ಕಟ್ಟಿದ ಹೊಲಿಗೆ ಬಿಚ್ಚಿ, ಸ್ನಾಯು ಪದರಗಳನ್ನು ಕರಗುವ ದಾರದಿಂದ, ಚರ್ಮವನ್ನು ನೈಲಾನಿನಿಂದ ಹೊಲಿದರು. ಒಟ್ಟು ಎರಡೂವರೆ ತಾಸು. ಆಕಳು ನಿಂತೇ ಇತ್ತು.

ಗಾಯ ಮತ್ತು ಮೇವು

ಮೊದಲ ದಿನ ಸ್ವಲ್ಪ ಸ್ವಲ್ಪ ನೀರು ಮಾತ್ರ. ಎರಡನೇ ದಿನ ಮೂರು ಕಿಲೋದಷ್ಟು ಎಳೆ ಹಸಿ ಹುಲ್ಲನ್ನು ಕೈಯಿಂದ ತಿನ್ನಿಸಿದರು. ಮೂರನೇ ದಿನ ಮಧ್ಯಾಹ್ನ ಆಕಳು ಮೆಲುಕು ಹಾಕಿತು. ನಾಲ್ಕನೇ ದಿನದಿಂದ ಒಂದಂಗುಲಕ್ಕೆ ಕತ್ತರಿಸಿದ ಕಣಿಕೆ. ತೊಗರಿ ಚುನ್ನಿ, ಹಿಂಡಿಯನ್ನು ಏಳನೇ ದಿನದವರೆಗೆ ಕೊಡಲಿಲ್ಲ, ಆಮೇಲೂ ಅರ್ಧ ಕಿಲೋದಿಂದ ಶುರು. ಕಲಬುರಗಿ ಭಾಗದಲ್ಲಿ ದಾಲ್ ಮಿಲ್ಲಿನ ಚುನ್ನಿ ಸುಲಭವಾಗಿ ಸಿಗುವುದರಿಂದ "ಸೊರಗ್ಯದ, ಶಕ್ತಿ ಬರ್ಲಿ" ಎಂದು ಬುಟ್ಟಿ ತುಂಬ ಇಟ್ಟುಬಿಡುತ್ತಾರೆ. ಆಗಷ್ಟೇ ಚೇತರಿಸುತ್ತಿರುವ ಹೊಟ್ಟೆ ಅದನ್ನು ತಾಳುವುದಿಲ್ಲ, ಹುಳಿಯಾಗಿ ಮತ್ತೆ ನಿಲ್ಲುತ್ತದೆ.

ಆ್ಯಂಟಿಬಯೋಟಿಕ್ ಐದು ದಿನ, ನೋವಿನ ಮದ್ದು ಮೂರು ದಿನ. ಔಷಧಿಯ ಮೇಲೆ ಬರೆದಷ್ಟು ಅವಧಿ ಹಾಲನ್ನು ಮಾರಲಿಲ್ಲ, ಮನೆಗೂ ಬಳಸಲಿಲ್ಲ. ಐದನೇ ದಿನ ಗಾಯದ ಕೆಳತುದಿಯಲ್ಲಿ ಬಾವು ಬಂತು. ಜ್ವರವಿರಲಿಲ್ಲ, ಮೇವು ಬಿಟ್ಟಿರಲಿಲ್ಲ, ಆದ್ದರಿಂದ ಒಳಗಿನ ಕೀವಲ್ಲ, ಚರ್ಮದಡಿ ನಿಂತ ನೀರು ಎಂದು ತಿಳಿಯಿತು. ಕೆಳಗಿನ ಎರಡು ಹೊಲಿಗೆ ಬಿಚ್ಚಿ, ನೀರು ಹರಿಯಲು ಬಿಟ್ಟು, ತಿಳಿ ಪೊವಿಡೋನ್ ದ್ರಾವಣದಿಂದ ದಿನವೂ ತೊಳೆದರು. ಕಾರಣ ಸರಳ: ಕಟ್ಟಿದ ಜಾಗ ಒದ್ದೆ ಹೆಂಡಿಯದು, ಆಕಳು ಅದೇ ಎಡ ಮಗ್ಗುಲಿಗೆ ಮಲಗುತ್ತಿತ್ತು. ಒಣ ಮಣ್ಣು ಹಾಸಿದ ಮೇಲೆ ವಾರದಲ್ಲಿ ಮಾಯ್ದಿತು. ಬೇಸಿಗೆಯ ನೊಣಕ್ಕೆ ಗಾಯದ ಸುತ್ತ ದಿನಕ್ಕೆರಡು ಸಲ ನೊಣ ಓಡಿಸುವ ಮುಲಾಮು ಬೇಕೇ ಬೇಕು, ಒಂದು ದಿನ ತಪ್ಪಿದರೂ ಹುಳ ಬೀಳುತ್ತದೆ. ಹದಿನಾಲ್ಕನೇ ದಿನ ಉಳಿದ ಹೊಲಿಗೆ ಬಿಚ್ಚಿದರು. ಮೂರನೇ ದಿನದ ನಂತರ ಜ್ವರ ಬಂದು, ಬೆನ್ನು ಗೂನಾಗಿಸಿ, ಮೇವು ಬಿಟ್ಟು ನಿಂತರೆ ಮಾತ್ರ ಮುಲಾಮು ನಂಬಿ ಕೂರಬಾರದು. ಅದು ಹೊಟ್ಟೆಯ ಪೊರೆಯ ಸೋಂಕು.

ಆರು ವಾರಕ್ಕೆ ಹಾಲು ಮೂರೂವರೆ ಲೀಟರಿಗೆ ಬಂತು. ಆ ಸೂಲಿನಲ್ಲಿ 5 ಲೀಟರ್ ಮರಳಲಿಲ್ಲ. ಈದು ಎಂಟನೇ ತಿಂಗಳಿಗೆ ಬಂದ ಆಕಳಿನಿಂದ ಅದನ್ನು ನಿರೀಕ್ಷಿಸುವಂತೆಯೂ ಇರಲಿಲ್ಲ.

ಗಡ್ಡೆಯನ್ನು ತೊಳೆದು ನೋಡಿದಾಗ

ಹೊರಬಂದದ್ದು ಒದ್ದೆಯಾಗಿ 29 ಕಿಲೋ ತೂಗಿತು. ತೊಳೆದು, ಮೇವು ಬೇರ್ಪಡಿಸಿ, ಬಿಸಿಲಿಗೆ ಒಣಗಿಸಿದ ಮೇಲೆ 12 ಕಿಲೋ. ಇಂಥ ಸುದ್ದಿಗಳಲ್ಲಿ ಬರುವ ತೂಕಗಳನ್ನು ಓದುವಾಗ ಈ ವ್ಯತ್ಯಾಸ ನೆನಪಿರಬೇಕು. ಹೋಲಿಕೆಗೆ, 2021ರ ಫೆಬ್ರುವರಿಯಲ್ಲಿ ಹರಿಯಾಣದ ಫರಿದಾಬಾದಿನಲ್ಲಿ ಗಬ್ಬದ ಆಕಳೊಂದರ ಹೊಟ್ಟೆಯಿಂದ 71 ಕಿಲೋ ಕಸ ತೆಗೆದರು. ಕರುವೂ ಉಳಿಯಲಿಲ್ಲ, ತಾಯಿಯೂ ಉಳಿಯಲಿಲ್ಲ.

ಒಣಗಿದ 12 ಕಿಲೋದಲ್ಲಿ ಮುಕ್ಕಾಲು ಪಾಲು ತೆಳು ಕ್ಯಾರಿಬ್ಯಾಗು. ಉಳಿದದ್ದು ಹಾಲಿನ ಪಾಕೀಟು, ಗುಟ್ಕಾ ಚೀಟಿ, ಸಿಮೆಂಟು ಮತ್ತು ಅಕ್ಕಿ ಚೀಲದ ಎಳೆಗಳು, ನೈಲಾನ್ ಹಗ್ಗ, ಒಂದಿಷ್ಟು ಬಟ್ಟೆ. ಮುಖ್ಯವಾದ ಸಂಗತಿ ಎಂದರೆ ಎಷ್ಟೋ ಚೀಲಗಳಿಗೆ ಹಾಕಿದ ಗಂಟು ಹಾಗೇ ಬಿಗಿಯಾಗಿತ್ತು. ಒಳಗೆ ರೊಟ್ಟಿ ಚೂರು, ಕಾಯಿಪಲ್ಯೆ ಸಿಪ್ಪೆ ಕಪ್ಪಾಗಿ ಉಳಿದಿದ್ದವು. ಆಕಳು ಪ್ಲಾಸ್ಟಿಕ್ ಹುಡುಕಿಕೊಂಡು ತಿಂದದ್ದಲ್ಲ. ಊಟದ ವಾಸನೆಗೆ ಬಂತು, ಗಂಟು ಬಿಚ್ಚಲು ಅದಕ್ಕೆ ಕೈಯಿಲ್ಲ, ಗಂಟಿನ ಸಮೇತ ನುಂಗಿತು. ದೇಹದಲ್ಲಿ ರಂಜಕ ಕಡಿಮೆಯಾದಾಗ ದನಗಳು ಎಲುಬು, ಬಟ್ಟೆ, ಮಣ್ಣು ತಿನ್ನುವುದೂ ಉಂಟು, ಆದರೆ ಇಲ್ಲಿ ದೊಡ್ಡ ಕಾರಣ ಹಸಿವು ಮತ್ತು ಮುಸುರೆ.

ಕರ್ನಾಟಕ ಸರ್ಕಾರ 2016ರ ಮಾರ್ಚಿನಲ್ಲೇ ಪ್ಲಾಸ್ಟಿಕ್ ಕ್ಯಾರಿಬ್ಯಾಗನ್ನು ದಪ್ಪ ತೆಳು ಎನ್ನದೆ ನಿಷೇಧಿಸಿದೆ. ಕೇಂದ್ರದ ನಿಯಮವೂ 2022ರ ಡಿಸೆಂಬರ್ 31ರಿಂದ 120 ಮೈಕ್ರಾನಿಗಿಂತ ತೆಳುವಾದ ಚೀಲವನ್ನು ಬಿಡುವುದಿಲ್ಲ. ಆದರೂ ಗಡ್ಡೆಯಲ್ಲಿ ಸಿಕ್ಕವು ಊದಿದರೆ ಹಾರುವಂಥವು. ಚಿಂದಿ ಆಯುವವರು ಬಾಟಲಿ ಆರಿಸುತ್ತಾರೆ, ದಪ್ಪ ಡಬ್ಬಿ ಆರಿಸುತ್ತಾರೆ, ತೆಳು ಚೀಲವನ್ನು ಬಿಡುತ್ತಾರೆ. ಹೊಲಸಾದ ಅಂಥ ಚೀಲ ಎಷ್ಟು ಕೂಡಿಸಿದರೂ ಕೊಳ್ಳುವವರಿಲ್ಲ. ಯಾರೂ ಎತ್ತದ ಚೀಲ ಆಕಳಿಗೆ ಸಿಗುತ್ತದೆ, ಇಲ್ಲವೆ ಮಳೆಗಾಲದಲ್ಲಿ ಗಟಾರಕ್ಕೆ. ಕಲಬುರಗಿ ಯಾದಗಿರಿಯ ನೀರು ಭೀಮೆಗೆ, ಭೀಮೆ ಕೃಷ್ಣೆಗೆ, ಕೃಷ್ಣೆ ಹಂಸಲದೀವಿಯಲ್ಲಿ ಬಂಗಾಳ ಕೊಲ್ಲಿಗೆ. ಬೀದರದ್ದು ಮಾಂಜ್ರಾ ಹಿಡಿದು ಗೋದಾವರಿಗೆ. ನಡುವೆ ಅಣೆಕಟ್ಟುಗಳು ಬಹಳಷ್ಟನ್ನು ತಡೆಯುತ್ತವೆ, ನೆರೆ ಬಂದಾಗ ತೇಲುವುದು ಮುಂದೆ ಹೋಗುತ್ತದೆ. ಆ ಎರಡು ನದೀಮುಖಗಳ ಕರಾವಳಿಯಲ್ಲೂ ಆಲಿವ್ ರಿಡ್ಲೆ ಎಂಬ ಕಡಲಾಮೆಗಳು ಮೊಟ್ಟೆ ಇಡುತ್ತವೆ.

ಮನೆಯವರನ್ನು ಬೈದು ಪ್ರಯೋಜನವಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಹಸಿರು ಕಾಣುವುದಿಲ್ಲ, ಕಣಿಕೆ ತುಟ್ಟಿಯಾಗುತ್ತದೆ, ಆಕಳನ್ನು ಬಿಡುತ್ತಾರೆ. 300 ಕಿಲೋ ಆಕಳಿಗೆ ದಿನಕ್ಕೆ ಆರರಿಂದ ಏಳೂವರೆ ಕಿಲೋ ಒಣಾಂಶ ಬೇಕು. ಕಣಿಕೆ 4 ಕಿಲೋ, ಹಸಿ ಮೇವು 10 ಕಿಲೋ, ಚುನ್ನಿ ಹಿಂಡಿ ಕೂಡಿ ಒಂದೂವರೆ ಕಿಲೋ ಹಾಕಿದರೆ ಲೆಕ್ಕ ಸರಿಹೋಗುತ್ತದೆ. ಜೊತೆಗೆ ಖನಿಜ ಮಿಶ್ರಣ 50 ಗ್ರಾಂ, ಉಪ್ಪು 30 ಗ್ರಾಂ. ಇಷ್ಟನ್ನು ಮನೆಯಲ್ಲೇ ಪೂರ್ತಿ ಹಾಕಲು ಈ ಮನೆಯವರಿಗೆ ಆಗಲಿಲ್ಲ. ಆದದ್ದು ಇಷ್ಟು: ಬೆಳಿಗ್ಗೆ ಕರೆದ ಮೇಲೆ ಅರ್ಧ ಪಾಲು ಮೇವು ತಿನ್ನಿಸಿ, ಕಸದ ಗಾಡಿ ಬಂದು ಹೋದ ನಂತರವೇ ಬಿಡುವುದು. ಹಸಿದು ಹೋದ ಆಕಳು ಕಸದ ಗುಡ್ಡೆಗೆ ನೇರ ಬಾಯಿ ಹಾಕುತ್ತದೆ, ಹೊಟ್ಟೆ ತುಂಬಿದ್ದು ಅಷ್ಟು ಆತುರ ಮಾಡುವುದಿಲ್ಲ. ಹತ್ತಿರದ ಖಾನಾವಳಿಯವರು ಮುಸುರೆಯನ್ನು ಚೀಲಕ್ಕೆ ಕಟ್ಟುವುದು ಬಿಟ್ಟು ಡ್ರಮ್ಮಿಗೆ ಹಾಕತೊಡಗಿದರು. ಸಂಜೆ ಅದೇ ಡ್ರಮ್ಮು ಇಬ್ಬರು ದನದವರ ಮನೆಗೆ ಹೋಗುತ್ತದೆ. ಓಣಿಯ ಉಳಿದ ಮನೆಗಳಲ್ಲಿ ಗಂಟು ಕಟ್ಟುವುದು ಇನ್ನೂ ನಿಂತಿಲ್ಲ.

ಮಾಲೀಕರಿಗೆ ದವಾಖಾನೆಯಲ್ಲಿ ಹೇಳಿ ಕಳಿಸಿದ್ದು ಹೀಗಿತ್ತು. ದಿನವೂ ರಾತ್ರಿ ಮಲಗಿದ ಆಕಳನ್ನು ನೋಡಿ, ಮೆಲುಕು ಹಾಕುತ್ತಿದೆಯೇ, ಒಂದು ಉಂಡೆಗೆ ಎಷ್ಟು ಸಲ ಅಗಿಯುತ್ತದೆ ಎಂದು ಎಣಿಸಬೇಕು. ನಲವತ್ತರಿಂದ ಎಪ್ಪತ್ತರ ನಡುವೆ ಇದ್ದರೆ ಚಿಂತೆಯಿಲ್ಲ. ಹೆಂಡಿ ಕಡಿಮೆಯಾದ ದಿನವನ್ನು ಗುರುತಿಟ್ಟುಕೊಳ್ಳಬೇಕು. ಎಡ ಪಕ್ಕೆ ಉಬ್ಬಿದರೆ ಬಾಟಲಿ ಹುಡುಕುವ ಮೊದಲು ಪಶು ಸಂಜೀವಿನಿ ಎಂಬ ಸಂಚಾರಿ ಪಶು ಚಿಕಿತ್ಸಾ ಸೇವೆಯ 1962ಕ್ಕೆ ಫೋನ್ ಮಾಡಿ, ಆಕಳು ಎಷ್ಟು ದಿನದ ಗಬ್ಬ, ಊರಲ್ಲಿ ಬಿಡುತ್ತೀರಾ, ಹಿಂದೆ ಯಾವಾಗ ಉಬ್ಬಿತ್ತು, ಏನು ಕುಡಿಸಿದ್ದೀರಿ ಎಂಬ ನಾಲ್ಕನ್ನೂ ಹೇಳಬೇಕು. ಇದೇ ಮನೆಯ ಹೋರಿಗರುವಿಗೆ ಈಗ ಹತ್ತು ತಿಂಗಳು, ಅದನ್ನು ಇನ್ನೂ ಓಣಿಗೆ ಬಿಟ್ಟಿಲ್ಲ.